ಒನಕೆ ಇಲ್ಲದ ಎರಡು ಕುಟ್ಟಾಣಿ

ಭಾನುವಾರ, ಜನವರಿ ೧೨

ಸಾಮಾನಿನ ಪಟ್ಟಿ ಬರೆಯೋಣ ಅಂತ ಮಗನ ಮಗಳ ಹಳೇ ನೋಟು ಪುಸ್ತಕ ತಗೊಂಡೆ. ಬಾತುಕೋಳಿ ಎರಡು, ಬೇಯಿಸಿ ಹುರಿದದ್ದು. ಪದರ ರೊಟ್ಟಿ ಹದಿನಾಲ್ಕು. ತುಪ್ಪ ದೊಡ್ಡ ಡಬ್ಬ ಒಂದು. ಬಾಣಂತಿಗೆ ಕಾಸಿ ಕೊಡೋ ಬೇರಿನ ಪುಡಿ. ಏಳು ಬಗೆ ಕಾಳು, ಕಲ್ಲುಪ್ಪು, ಜರಡಿ. ಹಿತ್ತಾಳೆ ಕುಟ್ಟಾಣಿ, ಅದರ ಒನಕೆ.

ಪಟ್ಟಿ ಮುಗಿಯಿತು, ಪುಟ ಮುಗಿಯಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ಹತ್ತಿ ಕೀಳೋಕೆ ಕಳಿಸಿದ್ದರು ನನ್ನನ್ನ. ಆದರೂ ಕೈಗೆ ಬರೆಯೋ ಚಟ ಹೋಗಿಲ್ಲ. ಬರೆಯಲಿ. ಓದೋರು ಯಾರಿದ್ದಾರೆ?

ಮಗಳು ಅಬೀರ್ ಶುಕ್ರವಾರ ಹೆತ್ತಳು, ಮಸ್ಕತ್ತಿನಲ್ಲಿ. ಹೆಣ್ಣು. ಮೂರು ವಾರ ಮುಂಚೆ ಬಂದುಬಿಟ್ಟಿದೆ, ಅಂಗೈಯಷ್ಟು ಇದೆಯಂತೆ. ಎರಡು ವರ್ಷದ ಹಿಂದೆ ಒಂದು ಗಂಡು ಬಂದಿತ್ತು. ನಾಲ್ಕನೇ ದಿನ ಹೊರಟುಹೋಯಿತು. ನಾನಿಲ್ಲಿ ಏಳನೇ ದಿನದ ಶಾಸ್ತ್ರಕ್ಕೆ ಅಂತ ಕುಟ್ಟಾಣಿ ಉಜ್ಜಿ ಬಂಗಾರದ ಹಾಗೆ ಮಾಡಿ ಇಟ್ಟುಕೊಂಡು ಪಾಸ್‌ಪೋರ್ಟಿಗೆ ಕಾಯುತ್ತಿದ್ದೆ. ಹಾಗೇ ಕಪಾಟಿಗೆ ಸೇರಿಸಿದೆ.

ಈ ಸಲ ಅಬೀರ್ ಫೋನಿನಲ್ಲಿ ಅಂದಳು, "ಅಮ್ಮಾ, ಹೆಸರು ಇಟ್ಟಿಲ್ಲ. ಬಟ್ಟೇನೂ ಪೊಟ್ಟಣದಿಂದ ತೆಗೆದಿಲ್ಲ. ನೀನು ಬಂದು ಏಳನೇ ದಿನ ಕುಟ್ಟಾಣಿ ಕುಟ್ಟು. ಅಲ್ಲೀತನಕ ನಾನು ಅದನ್ನ ಏನಂತಾನೂ ಕರೆಯಲ್ಲ." ಅದು, ಅಂದಳು. ಹೆತ್ತ ಕೂಸನ್ನ ಅದು ಅಂದಳು.

ಏಳನೇ ದಿನ ಅಂದರೆ ಗುರುವಾರ. ನಾಳೆ ಹೊರಟರೆ ನಾಳೆಯೇ ಮುಟ್ಟುತ್ತೇನೆ. ಅಮ್ಮಾನಿನಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು, ಅಷ್ಟೇ. ಮೂರು ದಿನ ಕೈಯಲ್ಲಿರುತ್ತೆ.

ಒಂದೇ ತಲೆನೋವು. ಬೀಗಿತ್ತಿಯೂ ಅದೇ ವಿಮಾನಕ್ಕೆ ಬರುತ್ತಾಳಂತೆ. ಅಳಿಯ ಹಾತಿಮನ ತಾಯಿ, ತಾಂತಾ ಪಟ್ಟಣದ ಮದಾಮ್ ಇಫ್ಫತ್, ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಸು ಆಗಿದ್ದವಳು. ಮದುವೆ ದಿನ ನನ್ನ ಬಾತುಕೋಳಿಯನ್ನ ಫೋರ್ಕಿನಲ್ಲಿ ಚುಚ್ಚಿ ನೋಡಿ "ಸ್ವಲ್ಪ ಜಿಡ್ಡು" ಅಂದಿದ್ದಳು. ಒಂಬತ್ತು ವರ್ಷ ಆಯಿತು. ನಾನು ಅದನ್ನೆಲ್ಲ ಮರೆತಿದ್ದೇನೆ.

ಸೋಮವಾರ, ಜನವರಿ ೧೩

ಮರ್ಯಾದೆ ಹೋಯಿತು.

ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡೋ ಕಡೆ ನನ್ನ ಕೈಚೀಲ ಯಂತ್ರದೊಳಗೆ ಹೋಗಿ ಹೊರಗೆ ಬಂತು. ಅಲ್ಲಿದ್ದ ಹೆಂಗಸು ಬಿಚ್ಚಿ ಕುಟ್ಟಾಣಿ ಎತ್ತಿ ಹಿಡಿದಳು. ಹಿಂದೆಯೇ ಬೀಗಿತ್ತಿಯ ಚೀಲ. ಅದನ್ನೂ ಬಿಚ್ಚಿದಳು. ಅದರಲ್ಲೂ ಒಂದು ಕುಟ್ಟಾಣಿ! ನನ್ನದಕ್ಕಿಂತ ಬೆರಳಷ್ಟು ದೊಡ್ಡದು.

ನಾನು ಕೇಳಿದೆ, "ಇದೇನು ಮದಾಮ್, ಮಸ್ಕತ್ತಿನಲ್ಲಿ ಮಸಾಲೆ ಅಂಗಡಿ ಇಡ್ತೀರಾ?"

"ನನ್ನ ಮಗನ ಮಗು ಅಲ್ಲವಾ, ನಬವಿಯ್ಯಾ ಅವರೇ. ನಮ್ಮ ಮನೆತನದಲ್ಲಿ ತಂದೆಯ ತಾಯಿ ಕುಟ್ಟೋದು ರೂಢಿ."

"ನಮ್ಮೂರಲ್ಲಿ ಹೆತ್ತವಳ ತಾಯಿ ಕುಟ್ಟೋದು. ಹೆತ್ತಿದ್ದು ನನ್ನ ಮಗಳು. ನಿಮ್ಮ ಮಗ ಕೈಕಟ್ಟಿ ನಿಂತಿದ್ದ."

ಇದು ಕುಟ್ಟೋದರ ಜಗಳ ಮಾತ್ರ ಅಲ್ಲ. ಏಳನೇ ದಿನ ಕೂಸನ್ನ ಜರಡಿಯಲ್ಲಿ ಮಲಗಿಸಿ, ಹೆತ್ತವಳು ಅದನ್ನ ದಾಟುವಾಗ ಕೂಸಿನ ಕಿವಿ ಹತ್ತಿರ ಏಳು ಸಲ ಕುಟ್ಟಿ, ಕುಟ್ಟಿದವಳು ಕೂಸಿಗೆ ಹೇಳೋ ಮಾತೊಂದಿದೆ. ನಾನಾದರೆ "ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ" ಅನ್ನುತ್ತೇನೆ. ಅವಳು ತಿರುಗಿಸಿ ಹೇಳುತ್ತಾಳೆ. ಒನಕೆ ಯಾರ ಕೈಲೋ ಕೂಸು ಅವರ ಕಡೆ.

ತಪಾಸಣೆಯವಳು ವಯಸ್ಸಾದವರಿಗೆ ಅನ್ನೋ ಹಾಗೆ ಹಜ್ಜಾ ಅಂತ ಮರ್ಯಾದೆಯಿಂದಲೇ ಕರೆದು ಇಬ್ಬರ ಒನಕೆಯನ್ನೂ ತೆಗೆದಿಟ್ಟಳು. "ಬಟ್ಟಲು ಒಯ್ಯಿರಿ ಹಜ್ಜಾ, ಒನಕೆ ಬಿಡಲ್ಲ. ದೊಡ್ಡ ಪೆಟ್ಟಿಗೆಗೆ ಹಾಕಿಸ್ತೀನಿ. ಯಾರ ತಲೆಗಾದರೂ ಕೊಟ್ಟರೆ ಏನು ಗತಿ?"

"ಕೊಡೋ ಹಾಗಿದ್ದರೆ ಒಂಬತ್ತು ವರ್ಷದ ಹಿಂದೇನೇ ಕೊಡ್ತಿದ್ದೆ ಮಗಳೇ," ಅಂದೆ. ಅವಳು ನಕ್ಕಳು. ಬೀಗಿತ್ತಿ ನಗಲಿಲ್ಲ.

ಒನಕೆಗಳು ವಿಮಾನದ ಹೊಟ್ಟೆಗೆ ಹೋದವು. ಬಟ್ಟಲನ್ನ ಇಬ್ಬರೂ ಬಿಡಲಿಲ್ಲ. ಅವಳು ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಅಷ್ಟು ಭಾರ.

ಅಮ್ಮಾನಿಗೆ ಬಂದಿಳಿದಾಗ ಸಂಜೆ. ಗಾಜಿನಾಚೆ ಆಕಾಶದಿಂದ ಹತ್ತಿ ಉದುರುತ್ತಿತ್ತು. ಹತ್ತಿಯೇ ಅಂದುಕೊಂಡೆ, ಅರವತ್ತೆಂಟು ವರ್ಷ ಹತ್ತಿ ನೋಡಿದ ಕಣ್ಣು ಇದು. ಹಿಮವಂತೆ. ಚೆಂದ ಇದೆ ಅಂದುಕೊಳ್ಳುತ್ತಿರುವಾಗಲೇ ಬೋರ್ಡಿನಲ್ಲಿ ಎಲ್ಲ ವಿಮಾನದ ಮುಂದೆಯೂ ಕೆಂಪು ಅಕ್ಷರ ಬಂತು.

ಮಂಗಳವಾರ, ಜನವರಿ ೧೪

ಹಿಮ ನಿಂತಿಲ್ಲ. ರಸ್ತೆಯೂ ಮುಚ್ಚಿದೆ. ನಮ್ಮ ಹತ್ತಿರ ಈ ದೇಶದೊಳಗೆ ಹೋಗೋ ಚೀಟಿ ಇಲ್ಲ, ಹೊರಗೆ ಕಾಲಿಡೋ ಹಾಗಿಲ್ಲ. ಕಂಬಳಿ ಕೊಟ್ಟರು. ತಗಡಿನ ಡಬ್ಬದಲ್ಲಿ ಅನ್ನ ಕೊಟ್ಟರು. ಅದನ್ನ ಅನ್ನ ಅಂದರೆ ನಮ್ಮೂರ ಗದ್ದೆ ಅಳುತ್ತೆ.

ಬೆಳಿಗ್ಗೆ ಕೌಂಟರಿನ ಹುಡುಗಿಯನ್ನ ಚೆನ್ನಾಗಿ ತರಾಟೆಗೆ ತಗೊಂಡೆ. ರನೀಮ್ ಅಂತ ಎದೆ ಮೇಲೆ ಬರೆದಿದೆ.

"ನಿಮ್ಮ ವಿಮಾನ ಏನು ಸಕ್ಕರೇಲಿ ಮಾಡಿದ್ದಾ? ನೀರು ತಾಗಿದರೆ ಕರಗುತ್ತಾ? ಗುರುವಾರದೊಳಗೆ ನಾನು ಮಸ್ಕತ್ತಿನಲ್ಲಿರಬೇಕು."

"ಹಜ್ಜಾ, ಹಿಮಕ್ಕೆ ನಾನೇನು ಹೇಳಲಿ? ನಾನೂ ನಿನ್ನೆಯಿಂದ ಮನೆಗೆ ಹೋಗಿಲ್ಲ. ಇದೇ ಬಟ್ಟೆ, ಇದೇ ಕಾಲುಚೀಲ."

ದನಿ ಸ್ವಲ್ಪ ಇಳಿಸಿದೆ. ಸ್ವಲ್ಪವೇ.

ಅಷ್ಟರಲ್ಲಿ ಜನ ಮೇಲೆ ಬಿದ್ದರು, ಒಬ್ಬರ ಹೆಗಲ ಮೇಲೊಬ್ಬರು. ಕೌಂಟರು ಅಲುಗಾಡಿತು. ಆಗ ಹಿಂದಿನಿಂದ ಒಂದು ದನಿ ಬಂತು, "ಸಾಲು!" ಅಷ್ಟೇ. ಒಂದೇ ಮಾತು. ಮೀಸೆ ಹೊತ್ತ ಗಂಡಸರು, ಮಕ್ಕಳ ತಾಯಂದಿರು, ಸೂಟು ಹಾಕಿದವರು ಎಲ್ಲ ಒಬ್ಬರ ಹಿಂದೊಬ್ಬರು ನಿಂತರು. ಬೀಗಿತ್ತಿ ಕೈ ಹಿಂದೆ ಕಟ್ಟಿ ಸಾಲಿನ ಪಕ್ಕ ಓಡಾಡಿದಳು. "ನೀವು, ಟೋಪಿಯವರೇ, ಮುಂದೆ ಹೋಗಬೇಡಿ. ಮಗು ಇದ್ದವರು ಮೊದಲು." ಆ ದನಿ ನಮ್ಮ ಹೊಲದಲ್ಲಿದ್ದಿದ್ದರೆ ಒಂದು ಹಕ್ಕಿಯೂ ಕಾಳಿಗೆ ಬಾಯಿ ಹಾಕುತ್ತಿರಲಿಲ್ಲ. ಜಂಬ ಎಷ್ಟು! ಆದರೆ ಸಾಲು ನೆಟ್ಟಗಿತ್ತು, ಅದನ್ನ ಇಲ್ಲ ಅನ್ನಲ್ಲ.

ಮಧ್ಯಾಹ್ನ ರೊಟ್ಟಿ ಬಿಚ್ಚಿದೆ. ಕೊಡದೆ ತಿನ್ನೋ ಜಾತಿ ನಂದಲ್ಲ, ಅವಳಿಗೂ ಚಾಚಿದೆ. "ಬೇಡ, ನನಗೆ ಸಕ್ಕರೆ ಕಾಯಿಲೆ, ಅಳತೆ ಪ್ರಕಾರ ತಿಂತೀನಿ," ಅಂತ ಎರಡು ಬಿಸ್ಕತ್ತು ತಿಂದಳು. ಹಕ್ಕಿ ಹಾಗೆ. ತಿನ್ನದಿದ್ದರೆ ನನಗೇನು.

ಅಬೀರ್ ಫೋನು ಮಾಡಿದ್ದಳು. ಹೇಗಿದೆ ಕೂಸು ಅಂದೆ. "ಹಾಲು ಎಳೀತಿದೆ," ಅಂದಳು, ಅಷ್ಟೇ. ನಾಲ್ಕನೇ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಐದನೇ ದಿನ ಅಂತ ಆಮೇಲೆ ಬೆರಳು ಮಡಚಿ ನೋಡಿದೆ. ನಾಲ್ಕನೇ ದಿನ ನಿನ್ನೆಯೇ ದಾಟಿದೆ. ಈ ಕೆಂಪು ಅಕ್ಷರದ ಗಲಾಟೆಯಲ್ಲಿ ನನಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಿತ್ತು ಅನ್ನಿಸುತ್ತೆ.

ಬುಧವಾರ, ಜನವರಿ ೧೫

ಹಿಮ ನಿಂತಿದೆ. ಹೊರಗೆ ಬಿಸಿಲು. ಹಳದಿ ಗಾಡಿಗಳು ಬಿಳಿ ರಾಶಿ ತಳ್ಳುತ್ತಿವೆ. ರನೀಮ್ ಹೇಳಿದಳು, ಮೊದಲು ಸೋಮವಾರ ಬೆಳಿಗ್ಗೆಯವರು ಹೋಗಬೇಕು, ಆಮೇಲೆ ನಮ್ಮ ಸರದಿ, ಪ್ರಾಯಶಃ ನಾಳೆ ಮಧ್ಯಾಹ್ನ. ನಾಳೆ ಮಧ್ಯಾಹ್ನ ಹೊರಟರೂ ಸಂಜೆಗೆ ಮುಟ್ಟಬಹುದು. ಗುರುವಾರ ಅಂದರೆ ಗುರುವಾರವೇ, ಬೆಳಿಗ್ಗೆಯಾದರೇನು ಸಂಜೆಯಾದರೇನು.

ಹತ್ತು ಗಂಟೆ ಹೊತ್ತಿಗೆ ಬೀಗಿತ್ತಿ ಕುರ್ಚಿಯಲ್ಲಿ ಒಂದು ಥರಾ ಕೂತಿದ್ದಳು. ಮುಖ ಸುಣ್ಣ, ಕೈ ನಡುಕ, ಹಣೆ ಮೇಲೆ ಬೆವರು. ಸಕ್ಕರೆ ಇಳಿದಿದೆ ಅಂತ ಕಂಡ ತಕ್ಷಣ ಗೊತ್ತಾಯಿತು, ನಮ್ಮ ಯಜಮಾನರಿಗೂ ಹೀಗೇ ಆಗುತ್ತಿತ್ತು. ಡಬ್ಬದ ಊಟದ ಜೊತೆ ಕೊಟ್ಟಿದ್ದ ಜೇನನ್ನ ರೊಟ್ಟಿಗೆ ಸವರಿ ಬಾಯಿಗೆ ತುರುಕಿದೆ.

"ಬೇಡ..."

"ಬಾಯಿ ಮುಚ್ಚಿ ಅಗಿಯಿರಿ. ಇಲ್ಲಿ ಸತ್ತರೆ ಹೆಣ ಸಾಗಿಸೋಕೂ ವಿಮಾನ ಇಲ್ಲ."

ಅಗಿದಳು. ಎರಡನೇ ತುಂಡಿಗೆ ತಾನೇ ಕೈ ಚಾಚಿದಳು. ಸ್ವಲ್ಪ ಹೊತ್ತಾದ ಮೇಲೆ ಬಣ್ಣ ಬಂತು. ಅಳತೆಯಂತೆ, ಅಳತೆ! ಎರಡು ಬಿಸ್ಕತ್ತಿನ ಅಳತೆ.

ಆಮೇಲೆ ನಾನು ಬಾತುಕೋಳಿ ಮೂಸಿ ನೋಡಿದೆ. ಇನ್ನೊಂದು ದಿನ ಇಟ್ಟರೆ ಕೆಡುತ್ತೆ. ಬಾಣಂತಿಗೆ ಅಂತ ಬೇಯಿಸಿದ್ದು, ನನ್ನ ಕೈಯಾರೆ ಜೋಳ ಹಾಕಿ ಕೊಬ್ಬಿಸಿದ್ದು. ಕೆಡಿಸಿ ಕಸಕ್ಕೆ ಹಾಕೋದಾ? ಬಿಚ್ಚಿಬಿಟ್ಟೆ. ವಾಸನೆ ಹೋದಷ್ಟು ದೂರದಿಂದ ಜನ ತಲೆ ಎತ್ತಿದರು. ಬೀಗಿತ್ತಿ ತೋಳು ಮಡಚಿದಳು. "ನೀವು ಹಂಚಿದರೆ ಮೊದಲ ಐದು ಜನಕ್ಕೆ ಮುಗಿಯುತ್ತೆ. ಇಲ್ಲಿ ಕೊಡಿ." ಪ್ಲಾಸ್ಟಿಕ್ ಚಾಕುವಿನಲ್ಲಿ ಎರಡು ಹಕ್ಕಿಯನ್ನ ಇಪ್ಪತ್ತೆಂಟು ಪಾಲು ಮಾಡಿದಳು. ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ರನೀಮ್‌ಗೂ ಒಂದು ಪಾಲು ಕೌಂಟರಿಗೇ ಹೋಯಿತು. ಆ ಹುಡುಗಿ ನಿಂತೇ ತಿಂದು ಬೆರಳು ನೆಕ್ಕಿದಳು. "ಹಜ್ಜಾ, ಹಿಮ ಇನ್ನೂ ಎರಡು ದಿನ ಬೀಳಲಿ ಅನ್ನಿಸ್ತಿದೆ," ಅಂದಳು. "ನಾಲಿಗೆ ಕಿತ್ತುಬಿಟ್ಟೇನು," ಅಂದೆ.

ಬೀಗಿತ್ತಿ ತನ್ನ ಪಾಲು ಕೊನೆಗೆ ತಿಂದಳು. ಚುಚ್ಚಲಿಲ್ಲ. ಕೈಯಲ್ಲೇ ತಿಂದಳು.

"ಜಿಡ್ಡು ಇಲ್ಲವಾ ಮದಾಮ್?" ಅಂತ ಕೇಳಿಯೇ ಬಿಟ್ಟೆ.

ಅವಳು ನನ್ನ ಕಡೆ ನೋಡಲಿಲ್ಲ. ಕಾಲ ಬುಡದಲ್ಲಿದ್ದ ತನ್ನ ಕುಟ್ಟಾಣಿ ನೋಡುತ್ತಾ ಅಂದಳು, "ಹೋದ ಸಲ ಇದನ್ನ ಒಯ್ದಿದ್ದೆ ನಬವಿಯ್ಯಾ. ಎರಡು ವರ್ಷದ ಹಿಂದೆ. ನಾನು ಅಲ್ಲೇ ಇದ್ದೆನಲ್ಲ."

ಅವಳು ಅಲ್ಲಿದ್ದದ್ದು ಗೊತ್ತಿತ್ತು. ಅವಳ ಪಾಸ್‌ಪೋರ್ಟು ಬೇಗ ಬಂತು, ನನ್ನದು ಬರಲಿಲ್ಲ ಅಂತ ಉರಿದಿದ್ದೆ.

"ಮೂರನೇ ದಿನ ಸಂಜೆ ಡಾಕ್ಟರ ಮುಖ ನೋಡಿದೆ. ಕೂಸು ಏಳನೇ ದಿನಕ್ಕೆ ಮುಟ್ಟಲ್ಲ ಅಂತ ತಿಳೀತು. ಒಂದೇ ಒಂದು ಸಲ ಅವನ ಕಿವಿಗೆ ಈ ಸದ್ದು ಬೀಳಲಿ ಅಂತ ಗಾಜಿನ ಪೆಟ್ಟಿಗೆ ಹತ್ತಿರ ಹೋದೆ. ನರ್ಸು ಹೊರಗೆ ಕಳಿಸಿದಳು. ತಪ್ಪೇನಲ್ಲ, ಉಳಿದ ಮಕ್ಕಳಿದ್ದವು. ಆದರೆ ನಾನು ಮೂವತ್ತು ವರ್ಷ ಹೆಡ್‌ಮಿಸ್ಸು ಆಗಿದ್ದವಳು, ಅಲ್ಲಿ ಬಾಯಿ ಬರಲಿಲ್ಲ. ಅಬೀರ್‌ಗೆ ಹೇಳಿಲ್ಲ ಇದನ್ನ."

ಅವನ ತಲೆಯಲ್ಲಿ ಕೂದಲಿತ್ತಾ ಅಂತ ಕೇಳಿದೆ. ಇತ್ತು, ಕಪ್ಪಗೆ, ಗುಂಗುರು, ನಿನ್ನ ಮಗಳ ಹಾಗೆ ಅಂದಳು. ನಾನು ನೋಡಿರಲಿಲ್ಲ.

ಇವತ್ತಿಗೆ ಸಾಕು.

ಗುರುವಾರ, ಜನವರಿ ೧೬, ಬೆಳಿಗ್ಗೆ

ಎರಡು ಗಂಟೆಗೆ ವಿಮಾನ ಅಂತ ಬೋರ್ಡಿನಲ್ಲಿ ಬಂದಿದೆ. ಮುಖ ತೊಳೆದು, ತಲೆಗೆ ಹೊಸ ವಸ್ತ್ರ ಕಟ್ಟಿದ್ದೇನೆ. ಇಫ್ಫತ್ ನನ್ನ ಕುಟ್ಟಾಣಿಯನ್ನೂ ಸೇರಿಸಿ ಉಜ್ಜಿದ್ದಾಳೆ. ಟೂತ್‌ಪೇಸ್ಟ್ ಹಾಕಿ! ನಿಂಬೆಹಣ್ಣಿನಲ್ಲಿ ಉಜ್ಜಬೇಕು ಕಣೇ ಅಂದರೆ ಇಲ್ಲಿ ನಿಂಬೆ ಗಿಡ ಎಲ್ಲಿದೆ ತೋರಿಸು ಅಂತಾಳೆ. ಹೊಳೆಯೋದೇನೋ ಹೊಳೆಯುತ್ತಿದೆ.

ಯಾರು ಕುಟ್ಟೋದು ಅಂತ ಇನ್ನೂ ಇತ್ಯರ್ಥ ಆಗಿಲ್ಲ. ಅಲ್ಲಿಗೆ ಹೋಗಿ ನೋಡಿಕೊಂಡರಾಯಿತು.

ಅದೇ ದಿನ, ಹನ್ನೆರಡು ಗಂಟೆ

ಹೋಯಿತು. ವಿಮಾನದ ಯಾವುದೋ ಭಾಗ ಚಳಿಗೆ ಕೆಟ್ಟಿದೆಯಂತೆ, ಬೇರೆ ವಿಮಾನ ಬರಬೇಕಂತೆ. ನಾಳೆ ಬೆಳಿಗ್ಗೆ.

ನಾಳೆ ಎಂಟನೇ ದಿನ.

ಅದೇ ದಿನ, ಸಂಜೆ ಐದು

ಕೈ ಇನ್ನೂ ಜುಮ್ಮೆನ್ನುತ್ತಿದೆ, ಅಕ್ಷರ ಅಂಕುಡೊಂಕು. ಆದರೂ ಬರೆಯಬೇಕು.

ಒಂದು ಗಂಟೆಗೆ ಅಬೀರ್ ಫೋನು ಮಾಡಿದಳು. ಹಾತಿಮ್ ಸುದ್ದಿ ಹೇಳಿದ್ದ. "ಹೋಗಲಿ ಬಿಡಮ್ಮಾ. ಏಳನೇ ದಿನ ಬೇಡ. ನೀವು ಬಂದ ಮೇಲೆ ನೋಡೋಣ. ಏನೂ ಮಾಡೋದೇ ಬೇಡ." ದನಿ ಚಪ್ಪಟೆ ಇತ್ತು. ಎರಡು ವರ್ಷದ ಹಿಂದಿನ ದನಿ. ನನಗೆ ಗೊತ್ತಾಯಿತು, ಇವತ್ತು ಬಿಟ್ಟರೆ ಇವಳು ಕೂಸನ್ನ ವರ್ಷಗಟ್ಟಲೆ ಅದು ಅಂತಲೇ ಸಾಕುತ್ತಾಳೆ, ಕುರ್ಚಿ ತುದಿಯಲ್ಲಿ ಕೂತವಳ ಹಾಗೆ, ಇದೂ ಯಾವಾಗ ಹೊರಟುಹೋಗುತ್ತೋ ಅಂತ.

"ಫೋನು ಹತ್ತಿರ ಇಟ್ಕೋ," ಅಂದೆ. "ಮೂರು ಗಂಟೆಗೆ ಇಲ್ಲಿಂದಲೇ ಕುಟ್ಟುತ್ತೀವಿ."

"ಒನಕೆ ಪೆಟ್ಟಿಗೇಲಿದೆ ಅಂದಿದ್ದೆಯಲ್ಲಮ್ಮಾ."

"ಅದು ನನ್ನ ತಲೆನೋವು. ನೀನು ಕೂಸಿಗೆ ಹೊಸ ಬಟ್ಟೆ ಹಾಕು."

ರನೀಮ್ ಹತ್ತಿರ ಓಡಿದೆ. ಪೆಟ್ಟಿಗೆ ತೆಗೆಸು ಅಂದೆ. ಅವಳು ಮೂರು ಕಡೆ ಫೋನು ಮಾಡಿದಳು, ಆಗಲ್ಲ ಅಂದರು, ಪೆಟ್ಟಿಗೆಗಳು ಕೆಟ್ಟ ವಿಮಾನದಲ್ಲೇ ಇವೆ. ಪಾಪ, ಕಾಫಿ ಅಂಗಡಿಯಿಂದ ಒಂದು ಚಮಚ ತಂದಳು. ಕುಟ್ಟಿ ನೋಡಿದೆ. ಆ ಸದ್ದಿಗೆ ಬೆಕ್ಕು ಬಂದೀತು, ಕೂಸಿಗೆ ಕೇಳಿಸಲ್ಲ. ನೆಲ ಒರೆಸೋ ಕೋಲಿನ ತುದಿಯಲ್ಲಿ ಕುಟ್ಟಿದೆ. ದೊಪ್ ಅಂತು. ನನ್ನ ಚಪ್ಪಲಿಯಲ್ಲೂ ಕುಟ್ಟಿದೆ, ಹೇಳಿಕೊಳ್ಳೋಕೆ ನಾಚಿಕೆ. ಹಿತ್ತಾಳೆಗೆ ಹಿತ್ತಾಳೆಯೇ ತಾಗಬೇಕು. ಬೇರೆ ಯಾವುದಕ್ಕೂ ಅದು ಬಾಯಿ ಬಿಡಲ್ಲ.

ಕುರ್ಚಿಯಲ್ಲಿ ಕುಸಿದೆ. ನಮ್ಮಮ್ಮನ ಕುಟ್ಟಾಣಿ. ನಾನು ಹುಟ್ಟಿದಾಗ ಕುಟ್ಟಿದ್ದು, ಅಬೀರ್ ಹುಟ್ಟಿದಾಗ ಕುಟ್ಟಿದ್ದು. ತೊಡೆ ಮೇಲೆ ಇಟ್ಟುಕೊಂಡು ಅತ್ತೆ. ಯಾರು ನೋಡಿದರೆ ನನಗೇನು.

ಇಫ್ಫತ್ ಎದುರಿಗೆ ಬಂದು ನಿಂತಳು. ಕೈಯಲ್ಲಿ ಅವಳ ಕುಟ್ಟಾಣಿ. "ಎತ್ತು ನಿಂದನ್ನ," ಅಂದಳು.

"ಯಾಕೆ?"

"ಎತ್ತು ಅಂದೆ ನಬವಿಯ್ಯಾ. ಅಂಚು ಮೇಲೆ ಮಾಡಿ ಗಟ್ಟಿಯಾಗಿ ಹಿಡ್ಕೋ."

ಹಿಡಿದೆ. ಅವಳು ತನ್ನದನ್ನ ಮಗ್ಗುಲಾಗಿ ತಂದು ನನ್ನದರ ಅಂಚಿಗೆ ಹೊಡೆದಳು.

ಅಯ್ಯೋ ಅದರ ಸದ್ದೇ! ಒನಕೆಯಲ್ಲಿ ಕುಟ್ಟಿದರೆ ಒಂದು ದನಿ ಬರುತ್ತೆ, ಇದು ಎರಡು ದನಿ, ಒಂದರ ಹಿಂದೆ ಒಂದು, ಗಾಜಿನ ಗೋಡೆವರೆಗೂ ಹೋಗಿ ವಾಪಸು ಬಂತು. ನನ್ನ ಮೊಳಕೈ ತನಕ ನಡುಗಿತು. ಮಲಗಿದ್ದವರೆಲ್ಲ ಎದ್ದು ಕೂತರು.

ಮೂರು ಗಂಟೆಗೆ ರನೀಮ್ ಅವರೂ ನಾವೂ ಕಾಣೋ ಹಾಗೆ ವೀಡಿಯೊ ಹಾಕಿ ಫೋನು ಹಿಡಿದು ನಿಂತಳು. ಆ ಕಡೆ ಹಾತಿಮ್ ಕೂಸನ್ನ ಮಲಗಿಸಿದ್ದ. ಜರಡಿ ನಮ್ಮ ಪೆಟ್ಟಿಗೆಯಲ್ಲಿದೆಯಲ್ಲ, ಬಟ್ಟೆ ಒಗೆಯೋ ಬುಟ್ಟಿಯಲ್ಲಿ ಮಲಗಿಸಿದ್ದಾನೆ, ಗಂಡಸಿನ ಬುದ್ಧಿ! ಅಬೀರ್ ಪಕ್ಕದಲ್ಲಿ ನಿಂತಿದ್ದಳು, ಕೈ ಎದೆಗೆ ಕಟ್ಟಿಕೊಂಡು. ಕೂಸು ಹಳದಿ ಅಂಗಿಯಲ್ಲಿತ್ತು. ತೋಳು ಉದ್ದವಾಗಿ ಬೆರಳು ಮುಚ್ಚಿತ್ತು.

"ದಾಟು ಅಬೀರ್," ಅಂದೆ.

ಅಬೀರ್ ಬುಟ್ಟಿ ದಾಟಿದಳು. ನಾವು ಹೊಡೆದೆವು. ಒಂದು. ಬಾತುಕೋಳಿ ತಿಂದ ಜನವೆಲ್ಲ ಸುತ್ತ ನಿಂತಿತ್ತು. ಎರಡು. ಹೆಂಗಸರು ನಾಲಿಗೆ ತಿರುಗಿಸಿ ಕೇಕೆ ಹಾಕಿದರು. ಮೂರನೆಯದಕ್ಕೆ ಒಬ್ಬ ಪೊಲೀಸು ಓಡಿ ಬಂದ, ಸೊಂಟದ ಮೇಲೆ ಕೈ.

"ಏನ್ರೀ ಇದು? ಏನಾಗ್ತಿದೆ ಇಲ್ಲಿ?"

ಇಫ್ಫತ್ ತಿರುಗಿಯೂ ನೋಡಲಿಲ್ಲ. "ಕೂತ್ಕೋ!" ಅಂದಳು.

ಅವನು ಕೂತ.

ನಾಲ್ಕು, ಐದು, ಆರು. ಏಳನೆಯದಕ್ಕೆ ಮಾತು ಹೇಳಬೇಕು. ನಾನು ಬಾಯಿ ತೆರೆಯೋ ಮುಂಚೆ ಇಫ್ಫತ್ ಫೋನಿನ ಕಡೆ ಬಗ್ಗಿ, ಇಡೀ ನಿಲ್ದಾಣಕ್ಕೆ ಕೇಳೋ ಹಾಗೆ ಅಂದಳು, "ಅಮ್ಮನ ಮಾತು ಕೇಳು ಮಗಳೇ! ಅಮ್ಮನ ಮಾತು ಕೇಳು!"

ನಾನು ಹೇಳೋಕೆ ಇಟ್ಟುಕೊಂಡಿದ್ದ ಮಾತು ಅವಳೇ ಹೇಳಿಬಿಟ್ಟಳಲ್ಲ. ನನ್ನ ಬಾಯಿಗೆ ಏನು ಬಂತೋ ಅದನ್ನ ಅಂದೆ, "ಅಪ್ಪನ ಮಾತೂ ಕೇಳು, ಹೋಗಲಿ!"

ಹಾತಿಮ್ ನಕ್ಕುಬಿಟ್ಟ. ಆ ನಗುವಿಗೋ, ಹಿತ್ತಾಳೆಗೋ, ಕೂಸು ಬೆಚ್ಚಿ ಎರಡೂ ಕೈ ಮೇಲೆತ್ತಿತು. ಹಳದಿ ತೋಳಿನೊಳಗಿಂದ ಒಂದೊಂದೇ ಬೆರಳು ಆಚೆ ಬಂತು. ಆಮೇಲೆ ಅತ್ತಿತು ನೋಡು! ಅಂಗೈಯಷ್ಟು ಅಂದಿದ್ದರಲ್ಲ, ಗಂಟಲು ಮಾತ್ರ ಎಮ್ಮೆದು.

ಅಬೀರ್ ಬುಟ್ಟಿಯಿಂದ ಎತ್ತಿಕೊಂಡಳು. ಅವಸರದಲ್ಲಿ, ಹೆದರಿಕೊಂಡು ಅಲ್ಲ. ಸಿಟ್ಟಿನಲ್ಲಿ. "ಯಾಕಮ್ಮಾ ಅಷ್ಟು ಜೋರಾಗಿ ಹೊಡೆದಿರಿ ಇಬ್ಬರೂ? ನನ್ನ ಹನಾ ಹೆದರಿದಳು ನೋಡಿ! ಇಲ್ಲ ಕಂದಾ, ಇಲ್ಲ ಹನಾ, ಅಜ್ಜಿಯರು ಕಣೇ ಅವರು, ಹುಚ್ಚು ಅಜ್ಜಿಯರು..."

ಹನಾ. ಹೆಸರು ಮನಸ್ಸಿನಲ್ಲಿ ಯಾವಾಗ ಇಟ್ಟುಕೊಂಡಿದ್ದಳೋ. ನನಗೂ ಹೇಳಿರಲಿಲ್ಲ.

ಇಫ್ಫತ್ ನನ್ನ ತೋಳು ಹಿಡಿದುಕೊಂಡಳು. ಅವಳ ಕೈ ನಡುಗುತ್ತಿತ್ತು. ಸಕ್ಕರೆ ಇಳಿಯಿತೇನೋ ಅಂತ ಉಳಿದಿದ್ದ ರೊಟ್ಟಿ ಕೊಟ್ಟೆ. ತಿಂದಳು. ಪೊಲೀಸಿನವನಿಗೂ ಒಂದು ತುಂಡು ಕೊಟ್ಟಳು, ಇನ್ನೂ ಕೂತೇ ಇದ್ದ.

ಶುಕ್ರವಾರ, ಜನವರಿ ೧೭

ವಿಮಾನದೊಳಗೆ ಬರೆಯುತ್ತಿದ್ದೇನೆ. ನಿಜವಾದ ವಿಮಾನ, ನೆಲ ಬಿಟ್ಟಿದೆ. ಹೊರಡುವಾಗ ರನೀಮ್ ಬಾಗಿಲ ತನಕ ಬಂದು ಇಬ್ಬರ ಕೆನ್ನೆಗೂ ಮುತ್ತು ಕೊಟ್ಟಳು. ಅವಳ ಮದುವೆಗೆ ಬಾತುಕೋಳಿ ಕಳಿಸುತ್ತೇನೆ ಅಂದೆ, ಮೊದಲು ಗಂಡು ಹುಡುಕು ಅಂದೆ.

ಎರಡೂ ಕುಟ್ಟಾಣಿ ನನ್ನ ಕಾಲ ಕೆಳಗೆ ಒಂದೇ ಚೀಲದಲ್ಲಿವೆ. ನನ್ನದರ ಅಂಚಿನಲ್ಲಿ ಒಂದು ತಗ್ಗು ಬಿದ್ದಿದೆ. ನಮ್ಮಮ್ಮನ ಕಾಲದಿಂದ ಇರಲಿಲ್ಲ. ಇಫ್ಫತ್‌ಗೆ ತೋರಿಸಿ ಬಯ್ದೆ. ಅವಳು ತನ್ನದನ್ನ ತೆಗೆದು ತೋರಿಸಿದಳು, ಅದರಲ್ಲೂ ಇದೆ, ಹೆಚ್ಚೇ ಇದೆ. ಸರಿ, ಎರಡನ್ನೂ ಚೀಲಕ್ಕೆ ವಾಪಸು ಹಾಕಿದೆ. ಆಮೇಲೆ ಅವಳು ಬೇಕೂ ಅಂತ ಕೇಳಿದಳು, "ಬಾತುಕೋಳಿಗೆ ಅಷ್ಟು ತುಪ್ಪ ಯಾಕೆ ಹಾಕ್ತೀಯಾ? ಸ್ವಲ್ಪ ಜಿಡ್ಡು." ಮೂಳೆ ಸಮೇತ ಚೀಪಿದವಳು ಕೇಳೋ ಮಾತು ನೋಡು.

ಈಗ ನನ್ನ ಹೆಗಲ ಮೇಲೆ ತಲೆ ಹಾಕಿ ನಿದ್ದೆ ಹೋಗಿದ್ದಾಳೆ. ಹೆಡ್‌ಮಿಸ್ಸು ಗೊರಕೆ ಹೊಡೆಯುತ್ತೆ ಅಂತ ತಾಂತಾದವರಿಗೆ ಗೊತ್ತಿಲ್ಲ. ತೋಳು ಜೋಮು ಹಿಡಿದಿದೆ, ಬಲಗೈಯಲ್ಲಿ ಬರೆಯೋಕೆ ಜಾಗವೇ ಇಲ್ಲ. ಅಲುಗಾಡಿಸಬಹುದಿತ್ತು. ಸೀಟು ಇಕ್ಕಟ್ಟು, ಅದಕ್ಕೇ ಸುಮ್ಮನಿದ್ದೇನೆ.